ಚಾಟ್ಸ್‌ವರ್ತ್‌ನ ಕುದುರೆ ಲಾಯ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಚಾಟ್ಸ್‌ವರ್ತ್ ಅರಮನೆಯ ಚಿತ್ರಗಳನ್ನು ಇಂದು ಮತ್ತೆ ನೋಡುತ್ತಿದ್ದಾಗ, ನನ್ನ ಕಣ್ಣು ಅರಮನೆಯನ್ನು ಬಿಟ್ಟು ಅದರ ಪಕ್ಕದ ದಿಬ್ಬದ ಮೇಲಿನ ಕುದುರೆ ಲಾಯದಲ್ಲಿಯೇ ನೆಟ್ಟಿತು. ಅರಮನೆಯ ಒಡೆಯನಾಗಿದ್ದ ನಾಲ್ಕನೆಯ ಡೆವನ್‌ಶೈರ್ ಡ್ಯೂಕನಿಗಾಗಿ ವಾಸ್ತುಶಿಲ್ಪಿ ಜೇಮ್ಸ್ ಪೇನ್ 1760ರ ಆಸುಪಾಸಿನಲ್ಲಿ ರೂಪಿಸಿದ ಈ ಕಟ್ಟಡದಲ್ಲಿ 80 ಕುದುರೆಗಳಿಗೆ ಸ್ಥಳವಿತ್ತು. ನಡುವೆ ವಿಶಾಲವಾದ ಅಂಗಳ, ಅದರ ಸುತ್ತ ನಾಲ್ಕು ಸಾಲು ಕಟ್ಟಡ. ಹೆಬ್ಬಾಗಿಲಿನಲ್ಲಿ ಪ್ರಾಚೀನ ಗ್ರೀಕರ ಸರಳ ಶೈಲಿಯಾದ ಡೋರಿಕ್ ಮಾದರಿಯ ದಪ್ಪನೆಯ ಕಂಬಗಳು, ಅವುಗಳ ಮೇಲಿನ ತ್ರಿಕೋನದಲ್ಲಿ ವಂಶಲಾಂಛನ, ನಿಜವಾದ ಕೊಂಬುಗಳನ್ನೇ ತೊಡಿಸಿದ ಆಳೆತ್ತರದ ಸಾರಂಗಗಳ ಶಿಲ್ಪ, ಎಲ್ಲಕ್ಕೂ ಮೇಲೆ ಪುಟ್ಟ ಗುಮ್ಮಟ ಹೊತ್ತ ಗಡಿಯಾರ ಗೋಪುರ. ಕೆಳಗೆ ಕುದುರೆಗಳು ಮತ್ತು ಲಾಳ ಹೊಡೆಯುವ ಕುಲುಮೆ, ಮೇಲಂತಸ್ತಿನಲ್ಲಿ ಧಾನ್ಯದ ಕಣಜಗಳು ಹಾಗೂ ಕೆಲಸಗಾರರ ಕೋಣೆಗಳು.

ಅಲ್ಲಿನ ಒಂದು ಬಾಗಿಲಿನ ಮೇಲೆ ‘ಮೂರನೆಯ ಪೋಸ್ಟಿಲಿಯನ್’, ಎಂದರೆ ಗಾಡಿಯ ಕುದುರೆಯನ್ನೇರಿ ಅದನ್ನು ನಡೆಸುವ ಸವಾರ, ಎಂಬ ಬರಹ ಇಂದಿಗೂ ಉಳಿದಿದೆ. ಹೆಸರಿಲ್ಲದೆ ಹುದ್ದೆಯೊಂದೇ ಉಳಿದ ಆ ಬಾಗಿಲು, ಹೆಬ್ಬಾಗಿಲಿನ ಲಾಂಛನಕ್ಕಿಂತ ಹೆಚ್ಚು ಕಾಲ ನನ್ನನ್ನು ನಿಲ್ಲಿಸಿಕೊಂಡಿತು. ಈಗ ಕುದುರೆಗಳಿಲ್ಲದ ಆ ಅಂಗಳದಲ್ಲಿ ಪ್ರವಾಸಿಗರು ಕುಳಿತು ಚಹಾ ಕುಡಿಯುತ್ತಾರೆ.