ಬ್ಯಾರಲ್ ಬದಲಿಸುವ ಮುಂಚೆ ಹೆಡ್‌ಸ್ಪೇಸ್ ಅರ್ಥ ಮಾಡಿಕೊಳ್ಳಿ

ಅಮೆರಿಕದಲ್ಲಿ ರೈಫಲ್‌ನ ಫ್ಯಾಕ್ಟರಿ ಬ್ಯಾರಲ್ (ಗುಂಡು ಹಾದುಹೋಗುವ ನಳಿಕೆ) ಬಿಚ್ಚಿ ಮನೆಯಲ್ಲೇ ಹೊಸದು ಹಾಕಿಕೊಳ್ಳುವವರು ಬಹಳ ಜನ. ಅದರಲ್ಲೂ ಸ್ಯಾವೇಜ್ 110 ಇರುವವರು. 1958ರಲ್ಲಿ ಬಂದ ಈ ರೈಫಲ್‌ನಲ್ಲಿ ಬ್ಯಾರಲನ್ನು ಬಿಗಿಯಾಗಿ ಹಿಡಿಯುವುದು ಒಂದು ನಟ್, ಹಾಗಾಗಿ ಬ್ಯಾರಲ್ ಎಷ್ಟು ಒಳಗೆ ಕೂರಬೇಕು ಅನ್ನೋದನ್ನು ಲೇತ್ ಇಲ್ಲದೆಯೇ ಹೊಂದಿಸಬಹುದು. ನನಗೆ ಈ ವಿನ್ಯಾಸ ತುಂಬಾ ಇಷ್ಟ. ರೆಮಿಂಗ್ಟನ್ 700ರ ಫ್ಯಾಕ್ಟರಿ ಬ್ಯಾರಲ್‌ಗೆ ಇಂಥ ನಟ್ ಇಲ್ಲ, ಅದನ್ನು ಬದಲಿಸೋದು ಸಾಮಾನ್ಯವಾಗಿ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರ) ಕೆಲಸ.

ಆದರೆ ನಟ್ ತಿರುಗಿಸೋದು ಸುಲಭ ಅಂತ ಹೆಡ್‌ಸ್ಪೇಸನ್ನು ಹಗುರವಾಗಿ ನೋಡಬೇಡಿ. ಬೋಲ್ಟ್‌ನ (ಬ್ಯಾರಲನ್ನು ಹಿಂದಿನಿಂದ ಮುಚ್ಚುವ ಭಾಗ) ಮುಖದಿಂದ ಚೇಂಬರ್‌ನಲ್ಲಿ (ಕಾಡತೂಸು ಕೂರುವ ಗೂಡು) ಕಾಡತೂಸು ತಡೆದು ನಿಲ್ಲುವ ಜಾಗದವರೆಗಿನ ಅಂತರ ಅದು. ಜಾಸ್ತಿಯಾದರೆ ಹಿತ್ತಾಳೆ ಕೇಸು ಹಿಗ್ಗಿ ಹರಿಯಬಹುದು, ಬಿಸಿ ಅನಿಲ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೇ ನುಗ್ಗಬಹುದು. ಈ ಅಂತರ ಪರೀಕ್ಷಿಸಲು ಚೇಂಬರ್‌ನಲ್ಲಿ ಇಡುವ ಎರಡು ಅಳತೆ ತುಂಡುಗಳಿವೆ, ಗೋ ಮತ್ತು ನೋ-ಗೋ ಗೇಜ್. ಗೋ ಗೇಜ್ ಇಟ್ಟಾಗ ಬೋಲ್ಟ್ ಮುಚ್ಚಬೇಕು, ನೋ-ಗೋ ಇಟ್ಟಾಗ ಮುಚ್ಚಬಾರದು. ಗೇಜ್ ಬದಲು ಸುಮ್ನೆ ಒಂದು ಕಾಡತೂಸು ಹಾಕಿ ನೋಡಿದರೆ ಸಾಕು ಅನ್ನುವವರೂ ಇದ್ದಾರೆ. ನಾನಂತೂ ಒಪ್ಪಲ್ಲ, ಯಾಕಂದ್ರೆ ಕಾರ್ಖಾನೆಯ ಕಾಡತೂಸುಗಳ ಅಳತೆಯಲ್ಲೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ನಟ್ ಬಿಗಿ ಮಾಡುವಾಗಲೂ ಅಂತರ ಸ್ವಲ್ಪ ಸರಿಯಬಹುದು, ಆದ್ದರಿಂದ ಪೂರ್ತಿ ಬಿಗಿದ ಮೇಲೆ ಎರಡೂ ಗೇಜ್‌ಗಳಿಂದ ಮತ್ತೆ ಪರೀಕ್ಷಿಸಿ. ಅನುಮಾನ ಬಂದರೆ ಗುಂಡು ಹಾರಿಸದೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ.