ಉಳಿ ಮಸೆದೆ, ಚೀಲ ಸುಟ್ಟೆ

ಮರ ಉಜ್ಜಿ ನುಣುಪು ಮಾಡುವ ಆ ಬೆಂಚ್ ಸ್ಯಾಂಡರ್ ಮಿಷಿನ್ ಕೂರಿಸಿದ್ದು ನಾನೇ. ಅದಕ್ಕೇ ಈ ಕತೆ ಹೇಳುವಾಗ ಈಗಲೂ ನಾಚಿಕೆಯಾಗುತ್ತೆ.

ಚನ್ನಪಟ್ಟಣದ ಒಂದು ಆಟಿಕೆ ಘಟಕದಲ್ಲಿ ನನ್ನ ಕೆಲಸ. ಗುಂಡನೆಯ ಮಾಲೆಲ್ಲ ಮರ ತಿರುಗಿಸಿ ಕಡೆಯುವ ಲೇತಿನ ಮೇಲೇ ಉಜ್ಜಿ ಮುಗಿಯುತ್ತೆ. ಪಜಲ್ ತುಂಡು, ಗಾಡಿಯ ತಳ, ಇಂಥ ಚಪ್ಪಟೆ ಮಾಲಿಗೆ ಅಂತ ಉಜ್ಜುಕಾಗದದ 4 ಇಂಚು ಬೆಲ್ಟು, 6 ಇಂಚು ಡಿಸ್ಕು ಇರುವ ಈ ಮಿಷಿನ್ ತರಿಸಿದರು. ಬೋಲ್ಟ್ ಹಾಕಿ ಬೆಂಚಿಗೆ ಬಿಗಿದೆ. ಬೆಲ್ಟಿನ ಒಳಮೈ ಬಾಣ ನೋಡಿ ಹಾಕಿ, ಕೈಯಲ್ಲೇ ತಿರುಗಿಸಿ, ಪಕ್ಕಕ್ಕೆ ಜಾರದೆ ನೇರ ಓಡುವ ಹಾಗೆ ಟ್ರ್ಯಾಕಿಂಗ್ ಸರಿಮಾಡಿದೆ. ಮಾಲು ಇಡುವ ಟೇಬಲ್ಲಿಗೂ ಡಿಸ್ಕಿಗೂ ನಡುವೆ 2 ಮಿಲಿಮೀಟರ್ ಸಂದು ಕೂಡ ಬಿಡಲಿಲ್ಲ, ಬಿಟ್ಟರೆ ಸಣ್ಣ ತುಂಡಿನ ಜೊತೆ ಬೆರಳೂ ಒಳಗೆ. ಡಿಸ್ಕು ಕೆಳಕ್ಕಿಳಿಯುವ ಕಡೆಯೇ ಮಾಲು ಹಿಡೀರಿ, ಮೇಲೇರುವ ಕಡೆ ಹಿಡಿದರೆ ಮುಖಕ್ಕೇ ಎಗರುತ್ತೆ ಅಂತ ಹುಡುಗರಿಗೆ ಭಾಷಣ ಬೇರೆ. ನಿಮಿಷಕ್ಕೆ 2850 ಸುತ್ತು ತಿರುಗುವಾಗ ಡಿಸ್ಕಿನ ಅಂಚು ಗಂಟೆಗೆ 80 ಕಿಲೋಮೀಟರ್ ಓಡುತ್ತೆ, ಗ್ಲೌಸ್ ಹಾಕ್ಕೊಂಡು ಬಂದೀರಾ ಜೋಕೆ, ಅದು ಸಿಕ್ಕಿಕೊಂಡು ಕೈಯನ್ನೇ ಎಳೆಯುತ್ತೆ ಅಂತಲೂ ಹೆದರಿಸಿದ್ದೆ.

ಉಳಿ ಮಸೆಯುವ ಗ್ರೈಂಡರ್ ಕಲ್ಲು ಸವೆದು ಮೂರು ತಿಂಗಳಾಗಿತ್ತು. ಓನರ್‌ನ ಕೇಳಿದಾಗಲೆಲ್ಲ ‘ಮುಂದಿನ ವಾರ’. ಅವತ್ತು ಆರ್ಡರ್ ಅರ್ಜೆಂಟು, ಉಳಿ ಮೊಂಡು. ಬೆಲ್ಟ್ ಇದೆಯಲ್ಲ ಅಂತ ಅದರ ಮೇಲೇ ಎರಡು ನಿಮಿಷ ಮಸೆದೆ. ಕಿಡಿ ಚೆನ್ನಾಗಿ ಹಾರಿತು, ಉಳಿಯ ಬಾಯಿ ನೋಡಿ ಖುಷಿಯೂ ಆಯ್ತು. ಕಿಡಿ ಹೋಗಿದ್ದು ಸ್ಯಾಂಡರಿನ ಧೂಳಿನ ಚೀಲಕ್ಕೆ. ಅದರಲ್ಲಿ ಒಂದು ವಾರದ ಹಾಲೆ ಮರದ ಪುಡಿ, ಮೈದಾ ಹಿಟ್ಟಿನಂಥದ್ದು.

ಟೀಗೆ ಕೂತಿದ್ದೆವು. “ಅಣ್ಣ, ಏನೋ ಸೀದ ವಾಸ್ನೆ ಬರ್ತೈತೆ” ಅಂದ ಹುಡುಗ.

“ಅರಗು ಕಣೋ, ಟೀ ಕುಡಿ” ಅಂದೆ. ಲೇತಿನಲ್ಲಿ ಆಟಿಕೆಗೆ ಬಣ್ಣದ ಅರಗು ಹಚ್ಚುವಾಗ ಅದು ಕಾದ ವಾಸನೆ ನಮಗೆ ದಿನಾ ಇದ್ದದ್ದೇ.

ಐದು ನಿಮಿಷ ಬಿಟ್ಟು ಅವನೇ, “ಲೇತೆಲ್ಲಾ ನಿಂತೈತಲ್ಲಣ್ಣ.”

ಗ್ಲಾಸು ಇಟ್ಟು ಓಡಿದೆ. ಚೀಲದ ತಳದಲ್ಲಿ ನೂಲಿನಷ್ಟು ಹೊಗೆ, ಅಷ್ಟೇ. ಉರಿ ಇಲ್ಲ. ಅಲ್ಲಿಗೆ ಸುಮ್ಮನೆ ಹೊರಗೆ ಒಯ್ದಿದ್ದರೆ ಮುಗಿಯುತ್ತಿತ್ತು. ಒಳಗೆ ಎಷ್ಟು ಸುಟ್ಟಿದೆ ನೋಡೋಣ ಅಂತ ಬಾಯಿ ಬಿಚ್ಚಿ ಕೊಡವಿದೆ. ಗಾಳಿ ಸಿಕ್ಕಿದ್ದೇ ತಡ, ಭಗ್ಗಂತು. ಹುಬ್ಬು ಸೀದು ಹೋಯ್ತು. ಚೀಲ ಕೈಬಿಟ್ಟೆ. ಅದು ಬಿದ್ದ ಜಾಗಕ್ಕೆ ಮೊಳ ದೂರದಲ್ಲಿ ಅರಗಿನ ಕಡ್ಡಿಗಳ ಕಟ್ಟು. ನನಗೆ ಕಾಲೇ ಏಳಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಆಫೀಸ್ ರೂಮಿನಲ್ಲಿತ್ತು, ರೂಮಿಗೆ ಬೀಗ, ಕೀ ಓನರ್ ಜೇಬಲ್ಲಿ. ಕೊನೆಗೆ ಆ ಹುಡುಗನೇ ಒದ್ದೆ ಗೋಣಿ ತಂದು ಮುಚ್ಚಿ ತುಳಿದ.

ಈಗ ಸ್ಯಾಂಡರ್ ಹತ್ತಿರ ಕಬ್ಬಿಣ ತರುವ ಹಾಗಿಲ್ಲ, ಚೀಲ ದಿನಾ ಸಂಜೆ ಖಾಲಿಯಾಗಬೇಕು. ಗ್ರೈಂಡರ್ ಕಲ್ಲು ಮಾರನೇ ದಿನ ಬೆಳಗ್ಗೆಯೇ ಬಂತು. ಕಲ್ಲಿಗಿಂತ ಹೊಸ ಚೀಲಕ್ಕೇ ದುಡ್ಡು ಜಾಸ್ತಿ ಆಯ್ತು ಅಂತ ಓನರ್ ವಾರವೆಲ್ಲ ಗೊಣಗಿದರು. ಸಿಲಿಂಡರ್ ಮಾತ್ರ ಇನ್ನೂ ಆಫೀಸ್ ರೂಮಿನಲ್ಲೇ ಇದೆ.