ತೂತಿನ ಗಾತ್ರಕ್ಕಿಂತ ಕಳೆದ ಗಂಟೆಗಳು ಮುಖ್ಯ

ಜಠರದ ಅಥವಾ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಒಡೆದು ತೂತಾದ ರೋಗಿಯನ್ನು ಕರೆತಂದವರು ಉಡುಪಿಯಲ್ಲಿ ನಮ್ಮನ್ನು ಮೊದಲು ಕೇಳುವ ಪ್ರಶ್ನೆ, ‘ಆಪರೇಷನ್ ದೊಡ್ಡದಾ ಡಾಕ್ಟ್ರೇ?’ ಎಂಬುದು. ಶಸ್ತ್ರಕ್ರಿಯೆ ಅಷ್ಟೇನೂ ಜಟಿಲವಲ್ಲ. ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಅಗಲವಿರುವ ತೂತಿನ ಮೇಲೆ, ಕರುಳನ್ನು ಹೊದ್ದಿರುವ ಕೊಬ್ಬಿನ ಪದರದ ಒಂದು ಭಾಗವನ್ನಿಟ್ಟು ಹೊಲಿದು, ಹೊಟ್ಟೆಯೊಳಗೆ ಚೆಲ್ಲಿದ್ದನ್ನು ಲೀಟರುಗಟ್ಟಲೆ ಸಲೈನಿನಿಂದ ತೊಳೆಯುತ್ತೇವೆ. ಶಸ್ತ್ರವೈದ್ಯ ರಾಸ್ಕೋ ಗ್ರಹಾಂ 1937ರಲ್ಲಿ ವಿವರಿಸಿದ ಕ್ರಮವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ಉಳಿದಿದೆ.

ಹೊಲಿಗೆ ಒಂದೇ ಆದರೂ ರೋಗಿಗಳ ಗತಿ ಒಂದೇ ಅಲ್ಲ. ಹಾಂಗ್‌ಕಾಂಗಿನ ಬೋಯಿ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಸಂಗತಿಗಳಿಗೆ ತೂಕ ಕೊಟ್ಟರು: ತೂತಾಗಿ 24 ಗಂಟೆ ಮೀರಿರುವುದು, ಶಸ್ತ್ರಕ್ರಿಯೆಗೆ ಮುನ್ನವೇ ರಕ್ತದೊತ್ತಡ ಕುಸಿದಿರುವುದು, ಹೃದಯ, ಶ್ವಾಸಕೋಶ ಮುಂತಾದವುಗಳ ಗಂಭೀರ ಕಾಯಿಲೆ ಇರುವುದು. ಇವು ಯಾವುವೂ ಇಲ್ಲದವರಲ್ಲಿ ಸಾವು ವಿರಳ. ಮೂರೂ ಕೂಡಿಬಂದಾಗ ನಾವು ಮನೆಯವರೊಡನೆ ಆಡುವ ಮಾತಿನ ಧಾಟಿಯೇ ಬೇರೆ. ಮುಂದೆ ವಯಸ್ಸು, ಲಿವರ್ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ರೋಗ), ಸ್ಟೀರಾಯ್ಡ್ ಬಳಕೆ, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್, ರಕ್ತದಲ್ಲಿ ಇಳಿದ ಆಲ್ಬುಮಿನ್ ಎಂಬ ಪ್ರೋಟೀನ್ ಕೂಡ ಈ ಲೆಕ್ಕಕ್ಕೆ ಸೇರಿದವು.

ನನ್ನನ್ನು ಹೆಚ್ಚು ಕಾಡುವವರು ಮಂಡಿನೋವಿಗೆಂದು ಮೆಡಿಕಲ್‌ನಿಂದ ತಾವಾಗಿಯೇ, ಹುಣ್ಣು ತರಬಲ್ಲ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ ಹಿರಿಯರು. ಯುವಕರ ಹೊಟ್ಟೆ ಹಲಗೆಯಂತೆ ಬಿಗಿದು ರೋಗವನ್ನು ತಾನೇ ಸಾರಿದರೆ, ಇವರ ಹೊಟ್ಟೆ, ಅದರಲ್ಲೂ ಸ್ಟೀರಾಯ್ಡ್ ಸೇವಿಸುವವರದು, ಮೆತ್ತಗೇ ಇರಬಹುದು. ಮನೆಯಲ್ಲಿ ಗ್ಯಾಸ್ ಎಂದು ಜೀರಿಗೆ ಕಷಾಯ, ಸೋಡಾ ಎಲ್ಲ ಆಗಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿದರೆ ಚೀಲಕ್ಕೆ ಇಳಿಯುವುದು ಕಡುಗಂದು ಬಣ್ಣದ ನಾಲ್ಕು ಹನಿ ಮೂತ್ರ. ನಿಲ್ಲಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಕೆಳಗೆ, ತೂತಿನ ಗುರುತಾದ ಗಾಳಿಯ ಕಪ್ಪು ಗೆರೆ ಕಂಡರೂ, ನೇರ ಥಿಯೇಟರಿಗೆ ಒಯ್ಯುವಂತಿಲ್ಲ. ಡ್ರಿಪ್, ಆ್ಯಂಟಿಬಯಾಟಿಕ್, ಮೂಗಿನ ನಳಿಕೆಗಳಿಂದ ದೇಹವನ್ನು ತುಸು ಸಾವರಿಸಲೇಬೇಕು, ಆ ನೆಪದಲ್ಲಿ ಹೊತ್ತು ಕಳೆಯಲೂಬಾರದು. ಆಸ್ಪತ್ರೆಗೆ ಸೇರಿದ ಮೇಲೆ ತಡವಾಗುವ ಪ್ರತಿ ಗಂಟೆಗೂ ಬದುಕುಳಿಯುವ ಸಾಧ್ಯತೆ 2.4 ಶೇಕಡಾದಷ್ಟು ಕುಗ್ಗುತ್ತದೆಂದು ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು 2013ರಲ್ಲಿ ತೋರಿಸಿದೆ.

ವಯಸ್ಸನ್ನು ಇಳಿಸಲಾಗದು, ಸಿರೋಸಿಸ್ ಅನ್ನು ಒಂದು ರಾತ್ರಿಯಲ್ಲಿ ವಾಸಿಮಾಡಲಾಗದು. ಕೈಯಲ್ಲಿರುವುದು ಹೊತ್ತು ಮಾತ್ರ. ಹಾಗಾಗಿ ಬೈಂದೂರು, ಕಾರ್ಕಳದ ಕಡೆಯಿಂದ ಕಳುಹಿಸುವ ವೈದ್ಯರು ಚೀಟಿಯಲ್ಲಿ ‘ನಿನ್ನೆಯಿಂದ ಹೊಟ್ಟೆನೋವು’ ಎಂದಷ್ಟೇ ಬರೆಯದೆ, ನೋವು ಹಠಾತ್ತನೆ ಹೊಡೆದದ್ದು ಬೆಳಗಿನ ಗಂಜಿಗೆ ಮೊದಲೋ ರಾತ್ರಿ ಊಟದ ನಂತರವೋ ಎಂದು ಕೇಳಿ ಗಂಟೆಯನ್ನೂ ನಮೂದಿಸಿದರೆ ನಮಗೆ ಬಹಳ ಉಪಕಾರವಾಗುತ್ತದೆ.